ಎಡಗಡೆಯ ಚೌಕ

ಶನಿವಾರ ಮಧ್ಯಾಹ್ನ ಮೂರು ಗಂಟೆ ಹದಿನೇಳು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಅಂದು ಎಲ್ಲರೂ ನನ್ನನ್ನು ಕೇಳಿದ್ದು ಅದೊಂದೇ ಪ್ರಶ್ನೆ. ಆಂಬುಲೆನ್ಸಿನಲ್ಲಿ ಬಂದ ಹುಡುಗಿ ಕೇಳಿದಳು, ಎಮರ್ಜೆನ್ಸಿಯ ಬಾಗಿಲಲ್ಲಿ ನರ್ಸ್ ಕೇಳಿದರು, ಸ್ಟ್ರೆಚರಿನ ಜೊತೆ ಓಡುತ್ತಲೇ ಡಾಕ್ಟರ್ ಕೇಳಿದರು: ನಿಮ್ಮ ಗಂಡ ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ? ನಾನು ಮೂರು ಹದಿನೇಳು ಎಂದೆ. ಆ ಹೊತ್ತಿಗೆ ದಿನೇಶ ಆ ವಾರದ ಐದನೆಯ ಚಿತ್ರವನ್ನು ಪತ್ರಿಕೆಗೆ ಈಮೇಲ್ ಮಾಡಿದ್ದ. ಆಂಬುಲೆನ್ಸಿಗೆಂದು ಟ್ರಿಪಲ್ ಝೀರೋಗೆ ಫೋನ್ ಮಾಡುತ್ತಾ ಅವನ ಕಂಪ್ಯೂಟರಿನ ಮುಂದೆ ನಿಂತಿದ್ದಾಗ ಆ ಸಮಯ ಪರದೆಯ ಮೇಲೆ ಕಾಣುತ್ತಿತ್ತು. ಆದರೆ ಆ ಚಿತ್ರವನ್ನು ನಾನು ತೆರೆದು ನೋಡಿರಲಿಲ್ಲ.

ಅದು ೨೦೦೮ರ ಜುಲೈ, ಆಸ್ಟ್ರೇಲಿಯಾದ ಚಳಿಗಾಲ. ನಾವಿದ್ದದ್ದು ಸಿಡ್ನಿಯ ಟೂಂಗಾಬಿಯಲ್ಲಿ, ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಎರಡು ಕೋಣೆಯ ಫ್ಲ್ಯಾಟಿನಲ್ಲಿ. ದಿನೇಶ ವಾರವಿಡೀ ಒಂದು ಸೈನ್‌ಬೋರ್ಡ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಶನಿವಾರ ಮಾತ್ರ ಅವನು ಅವನಮ್ಮನ ಮಗ. ಅವನಮ್ಮ, ಎಂದರೆ ನನ್ನ ಅತ್ತೆ, ಉಡುಪಿಯಲ್ಲಿದ್ದಾಗ, ದಿನೇಶ ಇನ್ನೂ ತೊಟ್ಟಿಲಲ್ಲಿದ್ದ ಕಾಲದಲ್ಲಿ, ಕರಾವಳಿಯ ಒಂದು ಕನ್ನಡ ಪತ್ರಿಕೆಗೆ ‘ಬಾಬಣ್ಣನ ಬಸ್ಸು’ ಎಂಬ ಚಿತ್ರಪಟ್ಟಿ ಬರೆಯಲು ಶುರುಮಾಡಿದ್ದರು. ದಿನಕ್ಕೆ ಮೂರು ಚೌಕ. ಎಡಗಡೆಯ ಚೌಕದಲ್ಲಿ ಕಂಡಕ್ಟರ್ ಬಾಬಣ್ಣ ಏನಾದರೂ ಕೇಳುತ್ತಾನೆ. ನಡುವಿನದರಲ್ಲಿ ಬಸ್ಸಿನ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಬಲಗಡೆಯದರಲ್ಲಿ ಮೀನಿನ ಬುಟ್ಟಿ ಹಿಡಿದ ಸೀತಕ್ಕ ಉತ್ತರ ಕೊಡುತ್ತಾಳೆ. ಅಷ್ಟೇ. ಅಷ್ಟಕ್ಕೆ ಜನ ಪತ್ರಿಕೆಯನ್ನು ಹಿಂದಿನ ಪುಟದಿಂದ ತೆರೆಯುತ್ತಿದ್ದರು.

ಮಾವ ತೀರಿಕೊಂಡ ಮೇಲೆ ಅತ್ತೆ ಮೆಲ್ಬರ್ನಿನಲ್ಲಿದ್ದ ಹಿರಿಯ ಮಗ ಹರೀಶ ಭಾವನ ಮನೆಗೆ ಬಂದರು. ಅಷ್ಟರಲ್ಲಿ ಅವರ ಕೈ ನಡುಗತೊಡಗಿತ್ತು. ಬಾಬಣ್ಣನ ಮೀಸೆ ಎಳೆಯಲು ಹೋದರೆ ಗಾಳಿಗೆ ಸಿಕ್ಕ ಹುಲ್ಲಿನಂತೆ ಬರುತ್ತಿತ್ತು. ಹೀಗೆ ಪಟ್ಟಿ ದಿನೇಶನ ಪಾಲಿಗೆ ಬಂತು. ಶುಕ್ರವಾರ ಸಂಜೆ ಅತ್ತೆ ಫೋನಿನಲ್ಲಿ ಮಾತುಗಳನ್ನು ಹೇಳುವರು, ಶನಿವಾರ ಅವನು ಒಂದೇ ಸಲಕ್ಕೆ ಕೂತು ಆರು ದಿನದ ಆರು ಪಟ್ಟಿ ಬರೆದು ಒಂದೊಂದಾಗಿ ಸ್ಕ್ಯಾನ್ ಮಾಡಿ ಕಳಿಸುವನು. ಕೆಳಗಿನ ಸಹಿ ಅಮ್ಮನದೇ.

ಅಮ್ಮನಿಂದ ಅವನಿಗೆ ಇನ್ನೊಂದು ಅಭ್ಯಾಸವೂ ಬಂದಿತ್ತು. ಗಂಟೆಗಟ್ಟಲೆ ತಲೆ ಬಗ್ಗಿಸಿ ಬರೆಯುವ ಅತ್ತೆಗೆ ಕುತ್ತಿಗೆ ಹಿಡಿಯುತ್ತಿತ್ತು. ಒಂದು ಪಟ್ಟಿ ಮುಗಿದರೆ ಒಂದು ಲಟಿಕೆ. ಒಂದು ಕೈ ಗಲ್ಲಕ್ಕೆ, ಇನ್ನೊಂದು ಕೈ ತಲೆಯ ಹಿಂದಕ್ಕೆ ಇಟ್ಟು ಫಕ್ಕನೆ ತಿರುಗಿಸುವುದು, ‘ಲಟಕ್’ ಎನ್ನುವುದು, ಮತ್ತೆ ಆ ಕಡೆಗೊಮ್ಮೆ. ಚಿಕ್ಕಂದಿನಲ್ಲಿ ಅಣ್ಣತಮ್ಮ ಇಬ್ಬರೂ ಅಮ್ಮನ ಹಿಂದೆ ನಿಂತು ಈ ಸೇವೆ ಮಾಡುತ್ತಿದ್ದರಂತೆ, ಪಂದ್ಯ ಕಟ್ಟಿ, ಯಾರದು ಜೋರಾಗಿ ಕೇಳುತ್ತದೆ ಎಂದು. ಮದುವೆಯಾದ ಹೊಸದರಲ್ಲಿ ದಿನೇಶನ ಕುತ್ತಿಗೆಯ ಆ ಸದ್ದಿಗೆ ನನ್ನ ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ಫ್ರಿಜ್ಜಿನ ಸದ್ದಿನ ಹಾಗೆ ಕೇಳಿಸದೇ ಹೋಯಿತು.

ಅಂದು ನಾನು ಟೀ ತೆಗೆದುಕೊಂಡು ಹೋಗಿ ಅವನ ಎಡಗಡೆಗೆ ಇಟ್ಟೆ.

“ಟೀ ಎಲ್ಲಿ?” ಎಂದ.

“ಇಟ್ಟೆನಲ್ಲೋ, ಅಲ್ಲೇ ಇದೆ.”

“ಎಲ್ಲಿ ಉಂಟು? ತಮಾಷೆ ಮಾಡಬೇಡ ಮಾರಾಯ್ತಿ, ಒಂದು ಬಾಕಿ ಉಂಟು ನಂಗೆ.”

ಬಗ್ಗಿ ನೋಡಿದೆ. ಎಡ ತುಟಿಯ ಕೊನೆಯಿಂದ ಜೊಲ್ಲು ಇಳಿದು ಅಂಗಿಯ ಕಾಲರು ಒದ್ದೆಯಾಗಿತ್ತು. ಎದುರಿನ ಹಾಳೆಯಲ್ಲಿ ಮೂರು ಚೌಕದ ಗೆರೆಗಳಿರಲಿಲ್ಲ. ಬಲತುದಿಯಲ್ಲಿ ಒಂದೇ ಚೌಕ, ಅದರಲ್ಲಿ ಸೀತಕ್ಕನ ಅರ್ಧ ಮುಖ, ಒಂದು ಕಣ್ಣು, ಅರ್ಧ ಬುಟ್ಟಿ. ಉಳಿದ ಹಾಳೆ ಬಿಳಿ. ಬರೆದಷ್ಟು ಭಾಗದ ಗೆರೆ ಮಾತ್ರ ಎಂದಿನಷ್ಟೇ ಚಂದ, ಎಂದಿನಷ್ಟೇ ಗಟ್ಟಿ.

“ದಿನೇಶ, ಎಡಗೈ ಎತ್ತು.”

“ಎತ್ತಿದೆನಲ್ಲ.”

ಕೈ ತೊಡೆಯ ಮೇಲೆ ಹಾಗೇ ಬಿದ್ದಿತ್ತು. ಅವನು ಕೆಳಗೆ ನೋಡಿ ಮುಖ ಸಿಂಡರಿಸಿದ. “ಇದು ಯಾರ ಕೈ ಇಲ್ಲಿ ಇಟ್ಟದ್ದು? ತೆಗಿ ಅತ್ಲಾಗೆ.”

ಇಂದಿಗೂ ಅಡುಗೆಮನೆಯಲ್ಲಿ, ರೈಲಿನಲ್ಲಿ, ಎಲ್ಲೆಂದರಲ್ಲಿ ಆ ಮಾತು ನನಗೆ ಕೇಳಿಸುತ್ತದೆ. ಅವನು ಹೆದರಿರಲಿಲ್ಲ. ಆಂಬುಲೆನ್ಸ್ ಬಂದಾಗ ರೇಗಿದ. “ಎಂತ ಇದೆಲ್ಲ? ಪೇಪರಿನವರು ಕಾಯ್ತಾ ಇದ್ದಾರೆ, ನಂಗೆ ಎಂತ ಆಗಿಲ್ಲ.” ಹೆದರಿಕೆಯನ್ನೆಲ್ಲ ನನ್ನ ಪಾಲಿಗೆ ಬಿಟ್ಟುಬಿಟ್ಟಿದ್ದ. ಏಳು ವರ್ಷದ ಮಗಳು ಅನಘಾ ಬಾಗಿಲ ಹಿಂದೆ ನಿಂತು, “ಮಮ್, ವೈ ಈಸ್ ಡ್ಯಾಡ್ಸ್ ಫೇಸ್ ಸ್ಲೀಪಿ?” ಎಂದು ಕೇಳಿದಳು. ಕೆಳಗಿನ ಮನೆಯ ಗುಜರಾತಿ ಆಂಟಿ ಚಪ್ಪಲಿಯೂ ಇಲ್ಲದೆ ಓಡಿ ಬಂದು ಅವಳನ್ನು ಎತ್ತಿಕೊಂಡರು. “ತುಮ್ ಜಾವೋ ಬೇಟಾ,” ಎಂದಷ್ಟೇ ಹೇಳಿದರು.

ಆಸ್ಪತ್ರೆಯಲ್ಲಿ ಡಾಕ್ಟರ್ ನನ್ನನ್ನು ಗೋಡೆಯ ಪಕ್ಕಕ್ಕೆ ಕರೆದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕಣ್ಣ ಕೆಳಗೆ ಕಪ್ಪು. ಸ್ಟ್ರೋಕ್ ಆಗಿದೆ, ಮಿದುಳಿನ ಬಲಭಾಗಕ್ಕೆ ರಕ್ತ ಹೋಗುತ್ತಿಲ್ಲ, ಗಡ್ಡೆಯನ್ನು ಕರಗಿಸುವ ಔಷಧ ಕೊಡಬಹುದು, ಕೆಲವರಿಗೆ ಅದರಿಂದಲೇ ತಲೆಯೊಳಗೆ ರಕ್ತಸ್ರಾವವಾಗುತ್ತದೆ ಎಂದರು. ಆಮೇಲೆ ಸುಮ್ಮನೆ ನಿಂತರು. ಅವರು ನನ್ನ ಉತ್ತರಕ್ಕೆ ಕಾಯುತ್ತಿದ್ದಾರೆ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಎಂ.ಕಾಂ. ಓದಿದವಳು, ಒಂದು ಗೋದಾಮಿನ ಕಂಪನಿಯಲ್ಲಿ ಪೇರೋಲ್ ನೋಡುವವಳು. ಇಂಥದ್ದಕ್ಕೆ ಹೂಂ ಅನ್ನುವುದು ಹೇಗೆಂದು ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. “ನಿಮ್ಮ ಗಂಡನೇ ಆಗಿದ್ದರೆ?” ಎಂದು ಕೇಳಿದೆ. ಅವರು ನನ್ನ ಮೊಣಕೈ ಹಿಡಿದು, “ಕೊಡುತ್ತಿದ್ದೆ,” ಎಂದರು. ಕೊಡಿ ಎಂದೆ.

ಕಾಯುವ ಕೋಣೆಯ ಟಿವಿಯಲ್ಲಿ ಫುಟಿ, ಅಲ್ಲಿನವರ ಫುಟ್‌ಬಾಲ್, ನಡೆಯುತ್ತಿತ್ತು. ಯಾರೋ ಗೋಲು ಹೊಡೆದಾಗ ಮೂಲೆಯಲ್ಲಿದ್ದ ಒಬ್ಬ ಮುದುಕ, ತಲೆಗೆ ಬ್ಯಾಂಡೇಜು ಸುತ್ತಿದ್ದವನು, ಚಪ್ಪಾಳೆ ತಟ್ಟಿ, ನನ್ನ ಮುಖ ನೋಡಿ ಕೈ ಕೆಳಗಿಳಿಸಿ, “ಸಾರಿ ಲವ್,” ಎಂದ. ಅವನು ಚಪ್ಪಾಳೆ ತಟ್ಟುತ್ತಲೇ ಇರಲಿ ಎಂದು ನನಗನಿಸಿತ್ತು.

ರಕ್ತಸ್ರಾವ ಆಗಲಿಲ್ಲ. ಭಾನುವಾರ ಬೆಳಗಿನ ವಿಮಾನದಲ್ಲಿ ಅತ್ತೆಯೂ ಭಾವನೂ ಬಂದರು. ಅದೇ ದಿನ ಡಾಕ್ಟರ್ ಇನ್ನೊಂದು ಸ್ಕ್ಯಾನಿನ ಚಿತ್ರ ತೋರಿಸಿದರು. ಕುತ್ತಿಗೆಯ ಬಲಗಡೆ, ಮಿದುಳಿಗೆ ಹೋಗುವ ದೊಡ್ಡ ರಕ್ತನಾಳದ ಒಳಗೋಡೆ ಸೀಳಿತ್ತು. ಆ ಸೀಳಿನಲ್ಲಿ ಹೆಪ್ಪುಗಟ್ಟಿದ್ದ ರಕ್ತವೇ ಮೇಲಕ್ಕೆ ಹೋಗಿ ಸಿಕ್ಕಿಕೊಂಡದ್ದು. ಇನ್ನೂ ಅಲ್ಲಿ ಉಳಿದಿದೆ, ಅದೂ ಕಳಚಬಹುದು, ಮುಂದಿನ ವಾರಗಳು ಮುಖ್ಯ ಎಂದರು.

“ಕುತ್ತಿಗೆಗೆ ಏಟು ಬಿದ್ದಿತ್ತಾ? ಕಾರ್ ಆಕ್ಸಿಡೆಂಟ್? ಆಟ ಆಡುವಾಗ ಏನಾದರೂ?”

ಇಲ್ಲ ಎಂದೆ. ಭಾವ ಇಲ್ಲ ಎಂದರು. ಅತ್ತೆಗೆ ನಾನು ಕನ್ನಡದಲ್ಲಿ ಹೇಳಿದೆ, ಅವರೂ ತಲೆಯಾಡಿಸಿದರು. ದಿನೇಶನನ್ನೇ ಕೇಳಿದರು. “ನೋ ಡಾಕ್ಟರ್. ಐ ಸಿಟ್ ಅಂಡ್ ಡ್ರಾ. ದಟ್ಸ್ ಆಲ್,” ಎಂದ. ನಾಲ್ವರೂ ಸತ್ಯವನ್ನೇ ಹೇಳುತ್ತಿದ್ದೇವೆ ಎಂದುಕೊಂಡಿದ್ದೆವು. ಏಟು ಎಂದರೆ ಬೀಳುವುದು, ಬಡಿಯುವುದು. ದಿನವೂ ಮನೆಯಲ್ಲಿ ಅಕ್ಕರೆಯಿಂದ ನಡೆಯುವುದನ್ನು ಯಾರು ಏಟು ಎನ್ನುತ್ತಾರೆ? ಕೆಲವರಿಗೆ ಕಾರಣವಿಲ್ಲದೆಯೂ ಹೀಗಾಗುತ್ತದೆ ಎಂದು ಡಾಕ್ಟರ್ ಮುಂದಿನ ಮಾತಿಗೆ ಹೋದರು. ಶನಿವಾರಕ್ಕೂ ಎರಡು ದಿನ ಮೊದಲಿನಿಂದ ಅವನ ಬಲಗಣ್ಣಿನ ರೆಪ್ಪೆ ಜೋತುಬಿದ್ದದ್ದನ್ನು ಮಾತ್ರ ನಾನು ಹೇಳಿದೆ. ನಿದ್ದೆಗೆಟ್ಟದ್ದಕ್ಕೆ ಹಾಗಾಗಿದೆ ಎಂದು ಮನೆಯಲ್ಲಿ ನಕ್ಕಿದ್ದೆವು; ಅದೂ ಆ ಸೀಳಿನ ಗುರುತೇ ಎಂದರು ಡಾಕ್ಟರ್.

ಬುಧವಾರ ಮಧ್ಯಾಹ್ನ ನಾನು ಕೆಳಗೆ ಹೋಗಿ ಎಲ್ಲರಿಗೂ ಕಾಫಿ ತಂದೆ. ವಾರ್ಡಿನ ಕಿಟಕಿಯಿಂದ ಬಿಸಿಲು ಬರುತ್ತಿತ್ತು. ದಿನೇಶ ಹಾಸಿಗೆಯಲ್ಲಿ ಒರಗಿ ಕೂತಿದ್ದ. ಕುತ್ತಿಗೆ ಮರಗಟ್ಟಿದೆ ಎಂದು ಬೆಳಗಿನಿಂದ ಗೊಣಗುತ್ತಿದ್ದ. ಬಾಗಿಲ ಹತ್ತಿರ ಬರುವಾಗ ಅತ್ತೆಯ ಮಾತು ಕೇಳಿಸಿತು. “ಹರೀಶ, ಅವನದ್ದು ಒಂದು ಲಟಿಕೆ ತೆಗಿ ಮಗಾ. ಪಾಪ, ಐದು ದಿನ ಆಯ್ತು ಒಂದೇ ಮಗ್ಗುಲು.”

ಒಳಗೆ ಬಂದೆ. ಭಾವ ಹಾಸಿಗೆಯ ಹಿಂದೆ ನಿಂತಿದ್ದರು. ಒಂದು ಕೈ ದಿನೇಶನ ಗಲ್ಲಕ್ಕೆ, ಇನ್ನೊಂದು ತಲೆಯ ಹಿಂದಕ್ಕೆ. ದಿನೇಶ ಕಣ್ಣು ಮುಚ್ಚಿ, ಹಿತವಾಗಿ, ತಲೆಯನ್ನು ಅಣ್ಣನ ಕೈಗೆ ಬಿಟ್ಟಿದ್ದ. ನೂರಾರು ಸಲ ನೋಡಿದ ನೋಟ. ಆ ಕ್ಷಣದಲ್ಲಿ ಮೊದಲ ಬಾರಿಗೆ ಅದನ್ನು ನೋಡಿದೆ.

“ಭಾವಾ, ಬಿಡಿ! ಕೈ ಬಿಡಿ!”

ಕಾಫಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಎದುರಿನ ಹಾಸಿಗೆಯ ರೋಗಿ ಎದ್ದು ಕೂತ. ಭಾವ ಬೆಂಕಿ ಮುಟ್ಟಿದವರ ಹಾಗೆ ಎರಡೂ ಕೈ ಮೇಲೆತ್ತಿದರು. ನರ್ಸ್ ಓಡಿ ಬಂದರು. ದಿನೇಶ ಕಣ್ಣು ಬಿಟ್ಟು, “ಎಂತ ಬೊಬ್ಬೆ ಇದು? ಈಗ ತೆಗೀಲಿಕ್ಕಿತ್ತು ಅವನು,” ಎಂದ.

ಈಗ ತೆಗೆಯಲಿಕ್ಕಿತ್ತು. ನನ್ನ ಕಥೆಯ ಅಪಾಯವೆಲ್ಲ ಈ ಎರಡು ಪದದಲ್ಲಿದೆ. ಕಾಫಿ ಅಂಗಡಿಯಲ್ಲಿ ನನ್ನ ಮುಂದೆ ಒಬ್ಬರು ಹೆಚ್ಚಿಗೆ ನಿಂತಿದ್ದರೆ, ಲಿಫ್ಟು ಒಂದು ಮಹಡಿಯಲ್ಲಿ ಹೆಚ್ಚು ಹೊತ್ತು ನಿಂತಿದ್ದರೆ ಎಂದು ಲೆಕ್ಕ ಹಾಕುತ್ತಲೇ ಇರುತ್ತೇನೆ. ಲೆಕ್ಕ ಮುಗಿಯುವುದಿಲ್ಲ.

ಡಾಕ್ಟರ್ ಬಂದು, ಏನು ಮಾಡುತ್ತಿದ್ದರು ತೋರಿಸಿ ಎಂದರು. ಭಾವ ಆಗಲೇ ಎರಡೂ ಕೈಯನ್ನು ಜೇಬಿಗೆ ಹಾಕಿಕೊಂಡಿದ್ದರು, ತೆಗೆಯಲಿಲ್ಲ. ನಾನೇ ಖಾಲಿ ಗಾಳಿಯಲ್ಲಿ ಒಂದು ತಲೆ ಇದೆ ಎಂದುಕೊಂಡು ತಿರುಗಿಸಿ ತೋರಿಸಿದೆ.

“ಎಷ್ಟು ಸಲ ಮಾಡುತ್ತಾರೆ?”

“ದಿನಾ. ಚಿಕ್ಕವನಿದ್ದಾಗಿನಿಂದ. ಶನಿವಾರ ಚಿತ್ರ ಬರೆಯುವಾಗ ಪ್ರತಿ ಚಿತ್ರಕ್ಕೂ.”

ಅವರು ಬೈಯಲಿಲ್ಲ. ಇದೇ ಕಾರಣ ಎಂದು ಖಚಿತವಾಗಿ ಹೇಳಲಾಗುವುದಿಲ್ಲ, ಆದರೆ ಆಗಿರಬಹುದು. ಇನ್ನು ಮೇಲೆ ಈ ಕುತ್ತಿಗೆಯನ್ನು ಯಾರೂ, ದಿನೇಶನೂ ಸಹ, ತಿರುಗಿಸಬಾರದು ಎಂದರು. ಅತ್ತೆಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ಡಾಕ್ಟರ್ ತಮ್ಮ ಕುತ್ತಿಗೆಯ ಬಲಗಡೆ ಬೆರಳಿಟ್ಟು ತೋರಿಸಿದ್ದು ಅವರಿಗೆ ಅರ್ಥವಾಯಿತು. ಎದ್ದು ಹೋಗಿ ನೆಲದ ಕಾಫಿಯನ್ನು ಪೇಪರ್ ಟವಲಿನಿಂದ ಒರೆಸತೊಡಗಿದರು. ನಡುಗುವ ಕೈಯಲ್ಲಿ ಒರೆಸಿದಷ್ಟೂ ಅದು ಹರಡುತ್ತಿತ್ತು. “ನಾನೇ ಕಲಿಸಿದ್ದು,” ಎಂದರು, ನೆಲಕ್ಕೆ. “ನಾನೇ ಹೇಳಿದ್ದು ಈಗಲೂ.” ನಾನು ಪಕ್ಕದಲ್ಲಿ ಕೂತು ಅವರ ಕೈಯಿಂದ ಟವಲು ತೆಗೆದುಕೊಂಡೆ. ನನ್ನೊಳಗೆ ಸಿಟ್ಟೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊಣಕಾಲೂರಿ ಕೂತ ಎಪ್ಪತ್ತರ ಹೆಂಗಸಿನ ಮೇಲೆ ಅದನ್ನು ಇಳಿಸಲು ಆಗಲಿಲ್ಲ.

ಭಾವ ಅಂದಿನಿಂದ ತಮ್ಮನ ಹತ್ತಿರ ಬಂದರೆ ಎರಡೂ ಕೈ ಜೇಬಿಗೆ ಹಾಕಿಕೊಳ್ಳುವರು. ನೀರಿನ ಲೋಟವನ್ನೂ ನನ್ನ ಕೈಗೆ ಕೊಟ್ಟು ಅವನಿಗೆ ಕೊಡಿಸುವರು. ಇದು ತಿಂಗಳುಗಟ್ಟಲೆ ನಡೆಯಿತು. ದಿನೇಶನಿಗೆ ತಮಾಷೆ ಮರಳಿ ಬಂದದ್ದು ಅಲ್ಲಿಂದಲೇ. “ಅಣ್ಣನ ಕೈ ಎಂತ ಆಯ್ತು? ಪೊಲೀಸರು ಕೊಂಡುಹೋದ್ರಾ?” ಎನ್ನುವನು. ಭಾವ ನಗುತ್ತಿರಲಿಲ್ಲ.

ಎಡಗಾಲು, ಎಡಗೈ ನಿಧಾನವಾಗಿ ಏಳತೊಡಗಿದವು. ಅದಕ್ಕಿಂತ ವಿಚಿತ್ರವಾದದ್ದು ಬೇರೆ. ಅವನ ಜಗತ್ತಿನಲ್ಲಿ ಎಡಗಡೆಯೇ ಇರಲಿಲ್ಲ. ಕಣ್ಣು ಸರಿಯಿದೆ, ಆದರೆ ಎಡಕ್ಕೆ ಏನೋ ಇದೆ ಎಂಬ ನಂಬಿಕೆಯೇ ಹೋಗಿತ್ತು. ತಟ್ಟೆಯ ಬಲ ಅರ್ಧದ ಅನ್ನ ತಿಂದು, “ಇಷ್ಟೇ ಕೊಡುವುದಾ ಇವರು?” ಎಂದು ದೂರುವನು. ನಾನು ತಟ್ಟೆಯನ್ನು ತಿರುಗಿಸಿಟ್ಟರೆ, “ಹಾಂ, ಈಗ ಬಂತು,” ಎಂದು ಮತ್ತೆ ತಿನ್ನುವನು. ಅರ್ಧ ಮುಖಕ್ಕೆ ಮಾತ್ರ ಶೇವ್ ಮಾಡಿಕೊಂಡು ಅನಘಾಳಿಗೆ ಮುತ್ತು ಕೊಡಲು ಹೋದರೆ ಅವಳು ಉಪಾಯವಾಗಿ ಬಲಗೆನ್ನೆಯ ಕಡೆ ಬರುವಳು. ಮಕ್ಕಳು ಎಷ್ಟು ಬೇಗ ಕಲಿಯುತ್ತಾರೆ.

ಆಸ್ಪತ್ರೆಯ ಮೊದಲ ವಾರವೇ ಪತ್ರಿಕೆಯ ಹಿಂದಿನ ಪುಟ ನೋಡುವವರು ಫೋನ್ ಮಾಡಿದರು. ಅವರಿಗೆ ಸುದ್ದಿ ಗೊತ್ತಿರಲಿಲ್ಲ. “ಅಕ್ಕಾ, ಶುಕ್ರವಾರದ ಪಟ್ಟಿ ಭಾರೀ ಲಾಯ್ಕಿತ್ತು. ಬಾಬಣ್ಣನ ಚೌಕವೇ ಖಾಲಿ! ನಾವು ಪ್ರಶ್ನೆ ಎಂತ ಇರಬಹುದು ಅಂತ ಓದುಗರಿಗೆ ಬಿಟ್ಟದ್ದು ಅಂತ ಮಾಡಿ ಹಾಕಿದ್ವಿ. ಎಷ್ಟು ಫೋನು ಬಂತು ಗೊತ್ತುಂಟಾ?” ಮೂರು ಹದಿನೇಳಕ್ಕೆ ಹೋದದ್ದು ಅದೇ; ಸರಿಯಾಗಿದ್ದ ಎಂದು ನಾನು ಎಲ್ಲರಿಗೂ ಹೇಳಿದ ಹೊತ್ತಿಗೆ ಅವನ ಎಡಗಡೆ ಆಗಲೇ ಹೋಗಿತ್ತು. ಕಾರಿಡಾರಿನಲ್ಲಿ ನಿಂತು ನಾನು ಆಗಿದ್ದನ್ನು ಹೇಳಿದೆ. ಅವರು ಮೊದಲು ದಿನೇಶ ಹೇಗಿದ್ದಾನೆಂದು ವಿಚಾರಿಸಿದರು. ಆಮೇಲೆ, “ನಾವು ಅತ್ತೆಯವರ ಹಳೆಯದ್ದು ಹಾಕ್ತಾ ಇರ್ತೇವೆ. ಅವಸರ ಇಲ್ಲ. ಜಾಗ ಅವರದ್ದೇ,” ಎಂದರು. ಅಂದು ನನಗೆ ಸಿಕ್ಕ ದೊಡ್ಡ ದಯೆ ಅದು.

ಸಿಡ್ನಿಯಲ್ಲಿ ಒಬ್ಬಳೇ ಕೆಲಸ, ಮಗಳು, ದಿನೇಶ ಮೂರನ್ನೂ ನಡೆಸಲಾಗದು ಎಂದು ಆಗಸ್ಟ್ ಕೊನೆಗೆ ಗೊತ್ತಾಯಿತು. ಕೆಲಸ ಬಿಟ್ಟು ಮೆಲ್ಬರ್ನಿಗೆ ಹೋದೆವು. ಟ್ರುಗನಿನಾದಲ್ಲಿ ಭಾವನ ಮನೆ ಹೊಸದು, ಮೆಟ್ಟಿಲಿಲ್ಲದ್ದು. ಆಚೆಗೆಲ್ಲ ಅರ್ಧ ಕಟ್ಟಿದ ಮನೆಗಳು, ಗೋದಾಮುಗಳು, ತಡೆಯಿಲ್ಲದ ಗಾಳಿ. ಭಾವ ಬಾತ್‌ರೂಮಿನಲ್ಲಿ ಹಿಡಿಕಂಬಿಗಳನ್ನು ತಾವೇ ಜೋಡಿಸಿದರು. ದಿನೇಶನ ಎಡಗಡೆ ಬರುವ ಪ್ರತಿ ಬಾಗಿಲಿಗೆ ಕೆಂಪು ಟೇಪು ಅಂಟಿಸಿದರು.

ವಾರಕ್ಕೆ ಮೂರು ದಿನ ಪುನಶ್ಚೇತನ ಕೇಂದ್ರ. ಅಲ್ಲಿನ ಕಾಯುವ ಕೋಣೆಯಲ್ಲಿ ಜೋ ಎಂಬ ಮಾಲ್ಟಾದ ಮುದುಕರು ಸಿಕ್ಕರು. ಅವರಿಗೆ ಮಾತು ಹೋಗಿತ್ತು, ಒಂದೇ ಒಂದು ಪದ ಉಳಿದಿತ್ತು: ಬ್ಯೂಟಿಫುಲ್. ಬಿಸಿಲಿಗೂ ಬ್ಯೂಟಿಫುಲ್, ಸೂಜಿಗೂ ಬ್ಯೂಟಿಫುಲ್, ಹೆಂಡತಿಯ ಮೇಲೆ ಸಿಟ್ಟು ಬಂದರೂ ಬ್ಯೂಟಿಫುಲ್. ದಿನೇಶನ ಕಥೆ ತಿಳಿದ ಮೇಲೆ ಅವರು ಬೇಕೆಂದೇ ಅವನ ಎಡಗಡೆಯ ಕುರ್ಚಿಯಲ್ಲೇ ಕೂರುವರು. ಅವನು ತಿರುಗಿ ನೋಡುವವರೆಗೆ ಕೋಲಿನಿಂದ ನೆಲ ತಟ್ಟುವರು. ಅವನು ಹುಡುಕಿ ಹುಡುಕಿ ಕೊನೆಗೆ ಅವರ ಮುಖ ಸಿಕ್ಕಾಗ “ಬ್ಯೂಟಿಫುಲ್!” ಎಂದು ಕೂಗುವರು. ಇಡೀ ಕೋಣೆ ನಗುವುದು. ಆ ನಗುವಿಗಾಗಿ ನಾನು ಸೋಮವಾರಕ್ಕೆ ಕಾಯುತ್ತಿದ್ದೆ.

ಅಕ್ಟೋಬರಿನಲ್ಲಿ ಒಂದು ದಿನ ದಿನೇಶ ಊಟದ ಮೇಜಿಗೆ ಇಂಕು, ನಿಬ್ಬು, ಹಾಳೆ ತರಿಸಿಕೊಂಡ. ಅತ್ತೆ ಅಡುಗೆಮನೆಯಿಂದ ಬಂದು ಹಾಳೆಯನ್ನು ಎತ್ತಿಕೊಂಡರು.

“ಬೇಡ ಮಗಾ. ಇನ್ನು ಸಾಕು. ಪೇಪರಿನವರಿಗೆ ಹೇಳುವ, ಬಸ್ಸು ನಿಂತಿತು ಅಂತ.”

“ಯಾಕೆ ನಿಲ್ಲಬೇಕು?”

“ಅದನ್ನು ಬರೀಲಿಕ್ಕೆ ಕೂತು ಕೂತೇ ಅಲ್ವಾ ಇದೆಲ್ಲ ಆದದ್ದು? ನನ್ನ ಕುತ್ತಿಗೆ ನೋವು ನಿನಗೆ ಕೊಟ್ಟೆ, ಲಟಿಕೆಯೂ ಕೊಟ್ಟೆ. ಇನ್ನು ಎಂತ ಕೊಡಬೇಕು ನಾನು?”

“ಅಮ್ಮ, ಬರೆದದ್ದಕ್ಕೆ ಯಾರಿಗೂ ಹೀಗಾಗುವುದಿಲ್ಲ. ತಿರುಗಿಸಿದ್ದಕ್ಕೆ ಆದದ್ದು. ತಿರುಗಿಸುವುದು ಬಿಟ್ಟೆ. ಬರೆಯುವುದೂ ಬಿಟ್ಟರೆ ನಾನು ಉಳಿದದ್ದು ಎಂತಕ್ಕೆ?”

ಅತ್ತೆ ನನ್ನ ಕಡೆ ನೋಡಿದರು, ನಾನು ಅವರ ಪಕ್ಷ ವಹಿಸುತ್ತೇನೆಂದು. ನಿಜಕ್ಕೂ ನನಗೆ ಆ ಹಾಳೆಗಳನ್ನು ಕಂಡರೆ ಭಯವಾಗುತ್ತಿತ್ತು. ಆದರೆ ಅಷ್ಟು ತಿಂಗಳಲ್ಲಿ ಅವನು ಮೊದಲ ಸಲ ಒಂದು ವಸ್ತುವಿಗಾಗಿ ಹಟ ಹಿಡಿದಿದ್ದ. “ಕೊಟ್ಟುಬಿಡಿ ಅತ್ತೆ,” ಎಂದೆ. “ನೀವು ಪಕ್ಕದಲ್ಲೇ ಕೂತ್ಕೊಳಿ. ಅವನು ತಲೆ ಜಾಸ್ತಿ ಬಗ್ಗಿಸಿದ್ರೆ ಬೈರಿ.”

“ಗಂಡನನ್ನು ‘ಅವನು’ ಅನ್ನುವವಳು, ನನಗೆ ಬುದ್ಧಿ ಹೇಳ್ತಾಳೆ,” ಎಂದು ಗೊಣಗಿದರು. ಆದರೆ ಹಾಳೆ ಕೆಳಗಿಟ್ಟು ಅವನ ಎಡಗಡೆಗೆ ಕುರ್ಚಿ ಎಳೆದುಕೊಂಡರು. ಭಾವ ಮನೆಯ ಹತ್ತಿರದ ಗೋದಾಮಿನಿಂದ ಒಂದು ಹಲಗೆ ತಂದು ಮೇಜಿನ ಮೇಲೆ ಓರೆಯಾಗಿ ನಿಲ್ಲಿಸಿದರು, ಕುತ್ತಿಗೆ ಬಗ್ಗದಿರಲೆಂದು.

ಮೊದಲ ಪಟ್ಟಿಗೆ ಮೂರು ದಿನ ಹಿಡಿಯಿತು. ಅವನು ಹಾಳೆಯ ನಡುವಿನಿಂದ ಶುರುಮಾಡುವನು. ಅತ್ತೆ ಎಡ ಅಂಚಿನ ಮೇಲೆ ಬೆರಳಿಟ್ಟು ಕಾಯುವರು. “ಇನ್ನೂ ಉಂಟು.” ಅವನು ಸ್ವಲ್ಪ ಸರಿಯುವನು. “ಇನ್ನೂ ಉಂಟು ಮಗಾ, ಬಾ ಈಚೆ.” ಆ ನಡುಗುವ ಬೆರಳು ಇರುವಲ್ಲಿಯವರೆಗೆ ಅವನ ಕಣ್ಣು ನಡೆದು ಬರುವುದನ್ನು ನೋಡುವುದು, ಮಗು ಹೊಸ್ತಿಲು ದಾಟುವುದನ್ನು ನೋಡಿದ ಹಾಗಿತ್ತು. ಬಾಬಣ್ಣನ ಎಡಗಡೆಯ ಮೀಸೆ ಬರೆಯಲು ಅವನು ಮರೆತರೆ ಅತ್ತೆ, “ಕ್ಷೌರಕ್ಕೆ ಹೋದದ್ದಾ ಅವನು?” ಎಂದು ಕೇಳುವರು. ವಾರಕ್ಕೆ ಆರಲ್ಲ, ಒಂದೇ ಪಟ್ಟಿ ಕಳಿಸುವುದೆಂದು ಪತ್ರಿಕೆಯವರು ಒಪ್ಪಿದರು. ಉಳಿದ ದಿನ ಹಳೆಯದು.

ಇಷ್ಟೆಲ್ಲ ಆದರೂ ನಾನು ಮಾತ್ರ ಆ ಬುಧವಾರದಲ್ಲೇ ಉಳಿದಿದ್ದೆ. ಅವನು ಸ್ನಾನಕ್ಕೆ ಹೋದರೆ ಬಾಗಿಲಿಗೆ ಕಿವಿ. ಶರ್ಟು ತೊಡಲು ಕೈ ಎತ್ತಿದರೆ ಕುತ್ತಿಗೆಯ ಮೇಲೇ ನನ್ನ ಕಣ್ಣು. ಕಾರು ಹಿಂದಕ್ಕೆ ತೆಗೆಯುವಾಗ ಪಕ್ಕದಲ್ಲಿ ಕೂತವನು ಹಿಂದಿರುಗಿ ನೋಡಿದರೆ ಬ್ರೇಕು ಒತ್ತುತ್ತಿದ್ದೆ. ರಾತ್ರಿ ಮತ್ತೆ ಮತ್ತೆ ಎದ್ದು ಅವನ ಮುಖದ ಎರಡೂ ಕಡೆ ಒಂದೇ ಸಮವಾಗಿದೆಯೇ ಎಂದು ಫೋನಿನ ಬೆಳಕಿನಲ್ಲಿ ನೋಡುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ರೋಗಿಯನ್ನು ನೋಡಿಕೊಳ್ಳುವವರು ತಮ್ಮ ಭಯವನ್ನು ಹೇಳಿಕೊಳ್ಳುವುದು ನಾಚಿಕೆಯ ಸಂಗತಿ ಎಂದು ನಮ್ಮಲ್ಲಿ ಅನೇಕರು ತಿಳಿದಿರುತ್ತಾರೆ. ಇದನ್ನು ಓದುತ್ತಿರುವ ಯಾರಾದರೂ ಹಾಗೆ ಫೋನಿನ ಬೆಳಕು ಹಿಡಿದು ಕೂತಿದ್ದರೆ, ನೀವು ಹುಚ್ಚರಲ್ಲ ಎಂದಷ್ಟೇ ಹೇಳಬಲ್ಲೆ.

ಜನವರಿಯಲ್ಲಿ ಸ್ಕ್ಯಾನ್ ಆಯಿತು. ಸೀಳು ಕೂಡಿಕೊಂಡಿದೆ, ರಕ್ತ ಚೆನ್ನಾಗಿ ಹರಿಯುತ್ತಿದೆ ಎಂದರು. ಅತ್ತೆ ಅಂದು ಕಾಯಿಹಾಲಿನ ಪಾಯಸ ಮಾಡಿದರು. ಭಾವ ಮೊದಲ ಸಲ ಜೇಬಿನಿಂದ ಕೈ ತೆಗೆದು ತಮ್ಮನ ಕೈಗೆ ತಾವೇ ಬಟ್ಟಲು ಕೊಟ್ಟು, ಮುಖ ಆ ಕಡೆ ತಿರುಗಿಸಿಕೊಂಡರು. ಅಂದು ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

ನಿದ್ದೆ ಬಂದದ್ದು ಅದಾಗಿ ಕೆಲವು ವಾರಗಳಿಗೆ, ಏನೂ ವಿಶೇಷವಿಲ್ಲದ ಒಂದು ದಿನ. ಸಂಜೆ ಹಿತ್ತಿಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ದಿನೇಶ ಕೋಲೂರಿಕೊಂಡು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ.

“ವೀಣಾ, ಒಂದು ಮಾತು ಹೇಳಿದ್ರೆ ಬೇಜಾರು ಮಾಡಬಾರದು.”

“ಹೇಳು.”

“ನೀನು ಲೈಟ್ ಹಾಕಿ ನನ್ನ ಮುಖ ನೋಡ್ತೀಯಲ್ಲ, ನಂಗೆ ಎಚ್ಚರ ಆಗ್ತದೆ. ದಿನಾ. ನಿದ್ದೆ ಬಂದ ಹಾಗೆ ಬಿದ್ಕೊಂಡಿರ್ತೇನೆ, ನಿಂಗೆ ಬೇಜಾರಾಗಬಾರದು ಅಂತ.”

ಕೈಯಲ್ಲಿದ್ದ ಅಂಗಿಯನ್ನು ಮಡಚಿದೆ, ಬಿಡಿಸಿದೆ, ಮತ್ತೆ ಮಡಚಿದೆ. “ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ನಿಂಗೆ ಅದು ಬೇಕಿತ್ತು ಅಂತ ಕಾಣ್ತಿತ್ತು.” ಕೋಲನ್ನು ಕುರ್ಚಿಗೆ ಒರಗಿಸಿದ. “ಮತ್ತೊಂದು. ಮೊದಲು ನೀನು ನನ್ನ ಎಡಗಡೆ ಮಲಗ್ತಿದ್ದೆ. ಈಗ ಬಲಗಡೆ ಬಂದಿದ್ದೀ.”

“ಆ ಕಡೆ ಇದ್ರೆ ನಿಂಗೆ ನಾನು ಇರೋದೇ ಗೊತ್ತಾಗಲ್ಲ ಅಂತ.”

“ಗೊತ್ತಾಗದಿದ್ರೆ ಹುಡುಕ್ತೇನೆ. ಅಮ್ಮನ ಬೆರಳು ಹುಡುಕುವುದಿಲ್ವಾ? ನೀನು ಅಲ್ಲಿ ಉಂಟು ಅಂತ ನಂಗೆ ಗೊತ್ತಿದ್ರೆ ಸಾಕು. ನೀನು ನನ್ನ ಕಾಯುವುದಲ್ಲ ಇನ್ನು, ನಾನು ನಿನ್ನ ಹುಡುಕುವುದು. ಆಯ್ತಾ?”

ಬಟ್ಟೆಬುಟ್ಟಿ ಎತ್ತಿಕೊಂಡು ಒಳಗೆ ಹೋದೆ. ಅಂದು ರಾತ್ರಿ ದಿಂಬನ್ನು ಅವನ ಎಡಗಡೆಗೆ ಇಟ್ಟೆ. ಫೋನನ್ನು ಅಡುಗೆಮನೆಯಲ್ಲೇ ಬಿಟ್ಟೆ.

ಕಣ್ಣು ಬಿಟ್ಟಾಗ ಪರದೆಯ ಸಂದಿನಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ನಡುವೆ ಎದ್ದ ನೆನಪೇ ಇರಲಿಲ್ಲ. ಆಚೆಯಿಂದ ಅತ್ತೆಯ ಪಿಸುದನಿ, ಅದೂ ಜೋರಾದ ಪಿಸುದನಿ, ಕೇಳಿಸುತ್ತಿತ್ತು. “ಮಿಕ್ಸಿ ಹಾಕಬೇಡ ಅಂದ್ರೆ ತಿಳಿಯುವುದಿಲ್ವಾ ಹರೀಶ? ಚಟ್ನಿ ಇಲ್ಲದಿದ್ರೆ ಸಾಯುವುದಿಲ್ಲ ಯಾರೂ. ಮಲಗಿದ್ದಾಳೆ ಅವಳು.” ಅನಘಾಳ ಶಾಲೆಯ ಹೊತ್ತು ಯಾವಾಗಲೋ ಮೀರಿತ್ತು. ಅವಳು ಸಮವಸ್ತ್ರ ತೊಟ್ಟು ಬಾಗಿಲಲ್ಲಿ ನಿಂತು, “ಅಜ್ಜಿ ಸೆಡ್ ನಾಟ್ ಟು ವೇಕ್ ಯು,” ಎಂದಳು.

ಪಕ್ಕದಲ್ಲಿ ದಿನೇಶ ಗೊರಕೆ ಹೊಡೆಯುತ್ತಿದ್ದ. ಅವನ ಮುಖವನ್ನು ನಾನು ನೋಡಲಿಲ್ಲ. “ಇನ್ನೈದು ನಿಮಿಷ ಕಂದ,” ಎಂದು ಮಗಳಿಗೆ ಹೇಳಿ, ಮಗ್ಗುಲು ಬದಲಿಸಿ ಮತ್ತೆ ಕಣ್ಣು ಮುಚ್ಚಿದೆ.